ಶೆಡ್ ಖಾಲಿ ಬಿಟ್ಟರೆ ಕೆಂಪು ನುಸಿ ಸಾಯಂಗಿಲ್ಲ
ವಿಜಯಪುರದ ಮೇ ಬಿಸಿಲಿಗೆ ಖಾಲಿ ಕೋಳಿ ಶೆಡ್‌ನ ಕೆಂಪು ನುಸಿ (ಸಂದಿಯೊಳಗ ಅಡಗಿ ಕೋಳಿ ರಕ್ತ ಹೀರೋ ಸಣ್ಣ ಹುಳ) ತಾನಾಗಿ ಸಾಯ್ತಾವ ಅನ್ನೋದು ಅರ್ಧ ಸತ್ಯ. ಸಾಯಬೇಕಂದ್ರ 45 ಡಿಗ್ರಿ ದಾಟಬೇಕು. ತಗಡು ಸುಡತಿದ್ರೂ ಗೋಡೆ ಬಿರುಕು, ಕಟ್ಟಿಗಿ ಸಂದಿ ಅಷ್ಟು ಕಾಯಂಗಿಲ್ಲ. ಡಿಸೆಂಬರ್ ಇನ್ನೂ ತ್ರಾಸು: ತಂಪಿನಾಗ ರಕ್ತ ಸಿಗದಿದ್ರೂ ತಿಂಗಳುಗಟ್ಟಲೆ ಬದುಕಿರ್ತಾವ. ಬೆಚ್ಚಗಿದ್ದು ಕೋಳಿ ಸಿಕ್ರ 7-10 ದಿನಕ್ಕ ಹೊಸ ತಲೆಮಾರು.

ಮೊದಲು ಚಾಕುವಿನ ತುದಿಯಿಂದ ಸಂದಿ ಕೆರೆದು ಬಿಳಿ ಹಾಳಿ ಮ್ಯಾಲ ಉದುರಿಸ್ರಿ. ಬೂದಿಯಂಥ ಪುಡಿ ಹರಿದಾಡಿ, ಒತ್ತಿದಾಗ ಕೆಂಪು ಕಲೆ ಬಿದ್ರ ಅದೇ. ಕೋಳಿ ಕೂಡ್ರೋ ಕೋಲಿನ ತುದಿಗೆ, ಕಟ್ಟಿಗಿ ಜೋಡಣೆಗೆ ಕುದಿಯೋ ನೀರು ಸುರೀರಿ, ಕಬ್ಬಿಣದ ಪಂಜರಕ್ಕ ಬ್ಲೋ ಲ್ಯಾಂಪ್ ಹಿಡೀರಿ (ಹೊಟ್ಟು ಹೊರಗ ಹಾಕಿದ ಮ್ಯಾಲ ಮಾತ್ರ!). ಬಿರುಕು ಸಿಮೆಂಟಿನಿಂದ ಮುಚ್ಚಿ ಸುಣ್ಣ ಹಚ್ಚರಿ. ಔಷಧ ಸಿಂಪಡಿಸೋದಿದ್ರ ಡಾಕ್ಟರ್ ಹೇಳಿದ್ದನ್ನೇ. ನುಸಿ ತತ್ತಿಗೆ ಅದು ಅಷ್ಟಾಗಿ ತಾಗಂಗಿಲ್ಲ, ಹಂಗಾಗಿ 7 ದಿನ ಬಿಟ್ಟು ಇನ್ನೊಮ್ಮೆ ಬೇಕು.

ನುಸಿ ಬಿಟ್ಟು ಇನ್ನೊಂದು: ಕಾಕ್ಸಿಡಿಯಾ (ಕೋಳಿ ಕರುಳಿನಾಗಿನ ಕಣ್ಣಿಗೆ ಕಾಣದ ಪರಜೀವಿ) ಪರೀಕ್ಷೆಗೆ ಹಿಕ್ಕಿ ಒಯ್ಯೋದಿದ್ರ ಫ್ರಿಜ್‌ನಾಗ 4 ಡಿಗ್ರಿಗೆ ಇಡ್ರಿ. ಫ್ರೀಜರ್‌ನಾಗ ಇಟ್ರ ಅದರ ತತ್ತಿ ಒಡೆದು ಎಣಿಕೆ ತಪ್ಪತೈತಿ.