ಕೋಳಿಮರಿಗಳಿಗೆ ನಿಪ್ಪಲ್ ನೀರು ರೂಢಿ ಮಾಡಿಸಿದ್ದು: ನನ್ನ ಅನುಭವ

ತೆರೆದ ತಟ್ಟೆಯಲ್ಲಿ ನೀರಿಟ್ಟು ಮರಿ ಸಾಕಿದವರಿಗೆಲ್ಲ ಈ ಪಾಡು ಗೊತ್ತು. ಈಗಷ್ಟೇ ತೊಳೆದು ತುಂಬಿಸಿದ ನೀರು ಅರ್ಧ ಗಂಟೆಯೊಳಗೆ ನೆಲಕ್ಕೆ ಹಾಸಿದ ಹೊಟ್ಟು, ಹಿಕ್ಕೆ, ಮೇವಿನ ಪುಡಿ ಬೆರೆತು ರಾಡಿಯಾಗಿರುತ್ತದೆ. ಕೆದಕುವುದು ಕೋಳಿಯ ಹುಟ್ಟುಗುಣ, ಅದನ್ನು ಬಿಡಿಸಲಾಗದು. ತಟ್ಟೆಯ ಸುತ್ತಲ ಹೊಟ್ಟು ಒದ್ದೆಯಾಗಿ ಹೆಪ್ಪುಗಟ್ಟುತ್ತದೆ, ಅಮೋನಿಯಾ ವಾಸನೆ ಏಳುತ್ತದೆ. ರಕ್ತಭೇದಿ ತರುವ ಕಾಕ್ಸಿಡಿಯಾ ಎಂಬ ಕಣ್ಣಿಗೆ ಕಾಣದ ಪರಾವಲಂಬಿ ಜೀವಿ ಬಲಿಯುವುದಕ್ಕೆ ಅಂಥ ಬೆಚ್ಚಗಿನ ಒದ್ದೆ ಜಾಗವೇ ಬೇಕು. ಒಂದು ಸಲ ಆ ಕಾಯಿಲೆಯಲ್ಲಿ ಆರು ಮರಿ ಕಳೆದುಕೊಂಡೆ. ಅವತ್ತೇ ತಟ್ಟೆ ಬಿಟ್ಟು ನಿಪ್ಪಲ್‌ಗೆ ಹೋಗುವ ನಿರ್ಧಾರ ಮಾಡಿದ್ದು.

ಸಾಧನ ಬಹಳ ಸರಳ. ಬಕೆಟ್‌ನ ತಳಕ್ಕೆ ತೂತು ಕೊರೆದು ನಿಪ್ಪಲ್ ತಿರುಗಿಸಿ ಕೂರಿಸಿದರೆ ಆಯಿತು. ಅದರ ತುದಿಯ ಲೋಹದ ಕಡ್ಡಿಯನ್ನು ಮರಿ ಕುಕ್ಕಿದಾಗ ಒಳಗಿನ ವಾಲ್ವ್ ಸರಿದು ಹನಿ ಇಳಿಯುತ್ತದೆ, ಕೊಕ್ಕು ತೆಗೆದರೆ ನಿಲ್ಲುತ್ತದೆ. ನಾನು 10 ಲೀಟರ್ ಬಕೆಟ್‌ಗೆ ನಾಲ್ಕು ನಿಪ್ಪಲ್ ಹಾಕಿದೆ. ಬೆಳಕು ತೂರುವ ಬಕೆಟ್ ಆದರೆ ಒಳಗೆ ಪಾಚಿ ಕಟ್ಟುತ್ತದೆ, ಹಾಗಾಗಿ ಗಾಢ ಬಣ್ಣದ್ದನ್ನೇ ಆರಿಸಿದೆ.

ಮೊದಲು ಕಲಿಸಿದ್ದು ಒಂದು ದಿನದ 20 ಮರಿಗಳಿಗೆ. ಇವಕ್ಕೆ ಕಲಿಸುವುದು ಸುಲಭ, ಏಕೆಂದರೆ ಮರೆಸಬೇಕಾದ ಹಳೆಯ ಅಭ್ಯಾಸ ಯಾವುದೂ ಇರುವುದಿಲ್ಲ. ಹೊಳೆಯುವುದೇನು ಕಂಡರೂ ಕುಕ್ಕಿ ನೋಡುತ್ತವೆ. ಕಡ್ಡಿಯ ತುದಿಯಲ್ಲಿ ನೇತಾಡುವ ಹನಿಗಿಂತ ಒಳ್ಳೆಯ ಆಮಿಷ ಬೇಕೆ? ಪೆಟ್ಟಿಗೆಯಿಂದ ಇಳಿಸುವಾಗ ಐದಾರು ಮರಿಗಳನ್ನು ಒಂದೊಂದಾಗಿ ಅಂಗೈಯಲ್ಲಿ ಹಿಡಿದು ಕೊಕ್ಕನ್ನು ಕಡ್ಡಿಗೆ ಮೆಲ್ಲಗೆ ತಾಗಿಸಿದೆ. ಹನಿ ಬಾಯಿಗೆ ಬಿದ್ದ ಕೂಡಲೇ ಮರಿ ಕಣ್ಣರಳಿಸಿ, ತಲೆ ಮೇಲೆತ್ತಿ ನುಂಗುತ್ತದೆ. ಎರಡು ಮೂರು ಸಲ ಹಾಗಾದರೆ ಸಾಕು, ತಾನೇ ಕಡ್ಡಿ ಹುಡುಕುತ್ತದೆ. ಉಳಿದವು ಪಕ್ಕದವನ್ನು ನೋಡಿ ಕಲಿತವು. ತಾಯಿಕೋಳಿ ಇದ್ದಿದ್ದರೆ ನೆಲ ಕುಕ್ಕಿ, ಸದ್ದು ಮಾಡಿ ಕರೆದು ತೋರಿಸುತ್ತಿತ್ತು. ಅದಿಲ್ಲದ ಕಡೆ ನನ್ನ ಬೆರಳೇ ಕೊಕ್ಕು. ಮೊದಲ ಎರಡು ದಿನ ಆ ಕಡೆ ಹೋದಾಗಲೆಲ್ಲ ಬೆರಳುಗುರಿನಿಂದ ಕಡ್ಡಿಯನ್ನು ಟಿಕ್ ಟಿಕ್ ಎಂದು ತಟ್ಟುತ್ತಿದ್ದೆ. ಆ ಸದ್ದಿಗೆ ಮರಿಗಳು ಓಡಿ ಬರುವುದನ್ನು ನೋಡಿದರೆ ಎಷ್ಟು ಹೊತ್ತು ಬೇಕಾದರೂ ಅಲ್ಲೇ ಕೂತಿರೋಣ ಅನ್ನಿಸುತ್ತದೆ.

ಎತ್ತರದ ವಿಷಯಕ್ಕೆ ಸ್ವಲ್ಪ ನಿಧಾನಿಸುತ್ತೇನೆ, ಏಕೆಂದರೆ ನೀರು ಸೋರುತ್ತದೆ ಎಂದು ನಿಪ್ಪಲ್ ಕಿತ್ತುಹಾಕುವ ಬಹಳ ಮಂದಿ ತಪ್ಪುವುದು ಇಲ್ಲೇ. ಕೋಳಿ ನಮ್ಮ ಹಾಗೆ ನೀರನ್ನು ಹೀರಿ ನುಂಗಲಾರದು. ಕೊಕ್ಕಿನಲ್ಲಿ ತುಂಬಿಕೊಂಡು, ತಲೆ ಎತ್ತಿ, ಗಂಟಲಿಗೆ ಇಳಿಸಬೇಕು. ಹಾಗಾಗಿ ಹನಿ ಮೇಲಿನಿಂದ ಬಿದ್ದಷ್ಟೂ ಅದಕ್ಕೆ ಸಲೀಸು. ಮೊದಲ ದಿನ ಕಡ್ಡಿಯ ತುದಿ ಮರಿಯ ಕಣ್ಣಿನ ಮಟ್ಟದಲ್ಲಿದ್ದರೆ ಗಮನಕ್ಕೆ ಬೀಳುತ್ತದೆ. ಆಮೇಲೆ ಮೇಲಕ್ಕೆ ಏರಿಸುತ್ತಾ ಹೋಗಬೇಕು. ಪಾದ ಪೂರ್ತಿ ನೆಲಕ್ಕೆ ಊರಿರಬೇಕು, ಕತ್ತು ಮೇಲಕ್ಕೆ ಚಾಚಿರಬೇಕು. ತಗ್ಗಿನಲ್ಲಿದ್ದರೆ ಮರಿ ಅಡ್ಡಡ್ಡ ಕುಕ್ಕುತ್ತದೆ, ಅರ್ಧ ನೀರು ಹೊಟ್ಟಿನ ಪಾಲು. ತೀರಾ ಮೇಲಿದ್ದರೆ ಕುಳ್ಳ ಮರಿಗಳು ತುದಿಗಾಲಲ್ಲಿ ನಿಂತು ಸೋತು ಹಿಂದೆ ಸರಿಯುತ್ತವೆ. ನಾನು ಬಕೆಟ್ಟನ್ನು ಹಗ್ಗದಲ್ಲಿ ತೂಗುಹಾಕಿ, ಎರಡು ಮೂರು ದಿನಕ್ಕೊಮ್ಮೆ ಒಂದು ಗಂಟು ಮೇಲೆ ಕಟ್ಟುತ್ತಿದ್ದೆ. ಅಳತೆಗೆ ದೊಡ್ಡ ಮರಿಯನ್ನಲ್ಲ, ಎಲ್ಲಕ್ಕಿಂತ ಚಿಕ್ಕದನ್ನು ನೋಡಬೇಕು.

ಬಕೆಟ್ ಕಾವಿನ ದೀಪದ ನೇರ ಕೆಳಗೆ ಇರಬಾರದು. ಮೊದಲ ವಾರ ಮರಿಗಳಿಗೆ 32ರಿಂದ 35 ಡಿಗ್ರಿ ಸೆಲ್ಸಿಯಸ್ ಕಾವು ಬೇಕು ನಿಜ, ಆದರೆ ಅದೇ ಕಾವಿನಲ್ಲಿ ನಿಂತು ಬಿಸಿಯಾದ ನೀರನ್ನು ಅವು ಕಡಿಮೆ ಕುಡಿಯುತ್ತವೆ.

ಮೂರನೆಯ ದಿನ ನನ್ನ ಎದೆ ನಡುಗಿಸಿದ ಸಂಗತಿ ನಡೆಯಿತು. ಮರಿಗಳ ಚಿಲಿಪಿಲಿ ಹೋಗಿ ಒಂದೇ ಸಮನೆ ಕೀರಲು ಕೂಗು ಶುರುವಾಗಿತ್ತು. ಬಕೆಟ್ ಅರ್ಧ ತುಂಬಿದೆ, ಮರಿಗಳು ಕಡ್ಡಿ ಕುಕ್ಕುತ್ತಲೂ ಇವೆ. ಕಾವು ಹೆಚ್ಚಾಗಿರಬೇಕು ಎಂದು ದೀಪ ಮೇಲೆತ್ತಿದೆ. ಕೂಗು ನಿಲ್ಲಲಿಲ್ಲ. ಒಂದನ್ನು ಹಿಡಿದು ಕುತ್ತಿಗೆ ಬುಡದ ಮೇವಿನ ಚೀಲ ಮುಟ್ಟಿ ನೋಡಿದರೆ ಒಣಮೇವು ತುಂಬಿ ಗಟ್ಟಿಯಾಗಿತ್ತು. ಆಗ ಕಡ್ಡಿ ಒತ್ತಿದೆ, ಒಂದು ಹನಿಯೂ ಇಲ್ಲ. ನೀರು ರಾಡಿಯಾಗದಿರಲಿ ಎಂದು ನಾನೇ ಮುಚ್ಚಳ ಬಿಗಿಯಾಗಿ ಹಾಕಿದ್ದೆ. ಒಳಗೆ ಗಾಳಿ ಹೋಗಲು ದಾರಿಯಿಲ್ಲದೆ ನೀರು ಇಳಿಯುವುದೇ ನಿಂತುಹೋಗಿತ್ತು. ಮುಚ್ಚಳ ಸಡಿಲಿಸಿದ ತಕ್ಷಣ ನೀರು ಬಂತು, ಮರಿಗಳು ಮುಗಿಬಿದ್ದವು. ಆ ಪುಟ್ಟ ಜೀವಗಳು ಕಲಿಸಿದ್ದನ್ನು ತಪ್ಪದೆ ಮಾಡುತ್ತಿದ್ದವು, ಬರಿಯ ಕಡ್ಡಿಯನ್ನು ಎಷ್ಟು ಹೊತ್ತಿನಿಂದ ಕುಕ್ಕುತ್ತಿದ್ದವೋ ಎಂಬ ಸಂಕಟ ಇವತ್ತಿಗೂ ಹೋಗಿಲ್ಲ. ಮುಚ್ಚಳಕ್ಕೆ ಸಣ್ಣ ತೂತು ಕೊರೆದೆ. ಅಂದಿನಿಂದ ದಿನಾ ಬೆಳಗ್ಗೆ ಪ್ರತಿ ಕಡ್ಡಿಯನ್ನೂ ನಾನೇ ಒತ್ತಿ ಹನಿ ನೋಡಿದ ಮೇಲೆಯೇ ಬೇರೆ ಕೆಲಸ.

ನಿಜವಾದ ಕಷ್ಟ ಬಂದದ್ದು ಏಳು ವಾರದ 12 ಹೇಂಟೆಮರಿಗಳ ಜೊತೆ. ಬೇರೆಯವರ ಬಳಿ ಬಟ್ಟಲು ನೀರಿನಲ್ಲೇ ಬೆಳೆದವು. ನಿಪ್ಪಲ್ ತೂಗುಹಾಕಿದರೆ ಹೆದರಿ ಮೂಲೆ ಸೇರಿದವು. ಎರಡು ದಿನ ಬಟ್ಟಲು, ನಿಪ್ಪಲ್ ಎರಡನ್ನೂ ಪಕ್ಕಪಕ್ಕದಲ್ಲೇ ಬಿಟ್ಟೆ, ಹೊಸ ವಸ್ತುವಿನ ಭಯ ಹೋಗಲೆಂದು. ಮೂರನೆಯ ದಿನದಿಂದ ಕತ್ತಲಾದ ಮೇಲೆ ಬಟ್ಟಲು ತೆಗೆಯುತ್ತಿದ್ದೆ. ಕತ್ತಲಲ್ಲಿ ಕೋಳಿ ಹೇಗೂ ಕುಡಿಯುವುದಿಲ್ಲ, ಬೆಳಗ್ಗೆ ಎದ್ದಾಗ ಬಾಯಾರಿಕೆ ಚೆನ್ನಾಗಿರುತ್ತದೆ. ಆ ತಂಪು ಹೊತ್ತಿನ ಎರಡು ಗಂಟೆ ಮಾತ್ರ ನಿಪ್ಪಲ್ ಒಂದೇ, ಆಮೇಲೆ ಬಟ್ಟಲು ವಾಪಸ್. ಬಿಸಿಲೇರಿದ ಮೇಲೆ ಬಟ್ಟಲು ತೆಗೆದಿಟ್ಟು ಪಾಠ ಕಲಿಸುವುದನ್ನು ನಾನು ಖಂಡಿತ ಒಪ್ಪುವುದಿಲ್ಲ. ಬಾಯಾರಿದರೆ ತಾನೇ ಕಲಿಯುತ್ತದೆ ಅನ್ನುವವರಿದ್ದಾರೆ. ಆದರೆ ಕಲಿಯುವ ಮೊದಲೇ ಸೊರಗಿ ಬೀಳುವ ಮರಿಯೂ ಇರುತ್ತದೆ.

ಕೆಲಸಕ್ಕೆ ಬಂದ ಉಪಾಯ ಇದು: ನಿಪ್ಪಲ್‌ನ ಕೆಳಗೆ ಸಣ್ಣ ಲೋಟವಿಟ್ಟು, ಕಡ್ಡಿ ತಟ್ಟಿ ಅದರೊಳಗೆ ಹನಿ ಬೀಳಿಸಿದೆ. ಲೋಟದ ನೀರು ಕುಡಿಯಲು ಬಂದ ಒಂದು ದಿಟ್ಟ ಹೇಂಟೆ ಹನಿ ಎಲ್ಲಿಂದ ಬೀಳುತ್ತಿದೆ ಎಂದು ತಲೆ ಓರೆಮಾಡಿ ನೋಡಿತು, ಕುಕ್ಕಿತು, ಮತ್ತೆ ಕುಕ್ಕಿತು. ಅದರ ಕೊಕ್ಕಿಗೆ ಅಂಟಿದ ಹನಿಯನ್ನು ಇನ್ನೆರಡು ಕುಕ್ಕಲು ಬಂದವು. ಅಲ್ಲಿಂದ ಮುಂದೆ ಅವೇ ಒಂದಕ್ಕೊಂದು ಗುರುಗಳಾದವು, ಲೋಟ ತೆಗೆದೆ.

ಆದರೆ ಗುಂಪನ್ನು ನೋಡಿ ಎಲ್ಲ ಕಲಿತವು ಎಂದುಕೊಳ್ಳುವಂತಿಲ್ಲ. ಕುಡಿದದ್ದನ್ನು ಕಣ್ಣಾರೆ ಕಂಡ ಮರಿಯ ಕಾಲಿಗಷ್ಟೇ ಬಣ್ಣದ ಗುರುತು ಹಚ್ಚುತ್ತಾ ಬಂದೆ. ಐದನೆಯ ದಿನ ಒಂಬತ್ತು, ಏಳನೆಯ ದಿನ ಹನ್ನೊಂದು. ಕೊನೆಯದು ಗುಂಪಿನಲ್ಲಿ ಎಲ್ಲರಿಂದ ಕುಕ್ಕಿಸಿಕೊಳ್ಳುತ್ತಿದ್ದ ಬಡಕಲು ಹೇಂಟೆ. ಅದಕ್ಕೆ ಬುದ್ಧಿ ಕಡಿಮೆ ಇರಲಿಲ್ಲ, ಸರದಿ ಸಿಗುತ್ತಿರಲಿಲ್ಲ. ಕಡ್ಡಿಯ ಬಳಿ ಬಂದಾಗಲೆಲ್ಲ ಯಾವುದಾದರೂ ಒಂದು ಅದನ್ನು ಅಟ್ಟುತ್ತಿತ್ತು. ಸಾಧು ಸ್ವಭಾವದ, ಕಲಿತ ಒಂದು ಜೊತೆಗಾತಿಯೊಂದಿಗೆ ಅದನ್ನು ಪಕ್ಕದ ಗೂಡಿನಲ್ಲಿ ಅರ್ಧ ದಿನ ಇಟ್ಟೆ. ಮಧ್ಯಾಹ್ನದೊಳಗೆ ಕುಡಿಯಿತು. ಗೂಡಿನ ಎದುರು ಮೂಲೆಗೂ ಇನ್ನೊಂದು ಬಕೆಟ್ ತೂಗುಹಾಕಿದೆ, ಒಂದು ಕಡೆ ಓಡಿಸಿದರೆ ಇನ್ನೊಂದು ಕಡೆ ಹೋಗಲಿ ಎಂದು. 12 ಗುರುತೂ ಬಿದ್ದ ಮೇಲೆಯೇ ಬಟ್ಟಲನ್ನು ಪೂರ್ತಿ ತೆಗೆದದ್ದು, ಒಂಬತ್ತನೆಯ ದಿನ.

ಆಮೇಲೂ ಒಂದು ವಾರ ರಾತ್ರಿ ಎಲ್ಲದರ ಮೇವಿನ ಚೀಲ ಮುಟ್ಟಿ ನೋಡಿದೆ. ಕಲಸಿದ ಹಿಟ್ಟಿನಂತೆ ಮೆತ್ತಗಿದ್ದರೆ ನೀರು ಸಾಕಾಗಿದೆ. ತಿಂದ ಮೇವಿನ ತೂಕದ ಸುಮಾರು ಎರಡರಷ್ಟು ನೀರು ಖರ್ಚಾಗಬೇಕು, ಸೆಕೆಯಲ್ಲಿ ಇನ್ನೂ ಹೆಚ್ಚು. ನೀರು ಸಾಲದಿದ್ದರೆ ಮೇವು ತಿನ್ನುವುದೂ ಇಳಿಯುತ್ತದೆ, ಕಾಲಿನ ಚರ್ಮ ಸುಕ್ಕಾಗುತ್ತದೆ.

ವಿಟಮಿನ್, ಬೆಲ್ಲದ ನೀರು ಕೊಡುವುದಿದ್ದರೆ ನಾನು ಬೇರೆ ಬಟ್ಟಲಿನಲ್ಲಿ ಸ್ವಲ್ಪ ಹೊತ್ತು ಇಟ್ಟು ತೆಗೆಯುತ್ತೇನೆ. ಬಕೆಟ್‌ಗೆ ಹಾಕಿದರೆ ಒಳಗೆ ಲೋಳೆ ಕಟ್ಟಿ ಕಡ್ಡಿ ಅಂಟುತ್ತದೆ. ಹೊಸ ಮರಿಗಳಿಗೆ ಕಲಿಸಲು ದೊಡ್ಡ ಕೋಳಿಯೊಂದನ್ನು ಜೊತೆಗೆ ಬಿಡಬಹುದಲ್ಲ ಎಂದು ಕೇಳುತ್ತಾರೆ. ನಾನು ಬಿಡುವುದಿಲ್ಲ. ನೋಡಲು ಆರೋಗ್ಯವಾಗಿರುವ ದೊಡ್ಡ ಕೋಳಿಯ ಹಿಕ್ಕೆಯಲ್ಲೂ ಕಾಕ್ಸಿಡಿಯಾ ಇರಬಹುದು, ಎಳೆಯ ಮರಿ ಅದನ್ನು ತಡೆಯಲಾರದು. ಐದಾರು ಮರಿಗಳ ಕೊಕ್ಕನ್ನು ಕಡ್ಡಿಗೆ ತಾಗಿಸಲು ನನಗೆ ಹಿಡಿಯುವುದು ಹತ್ತು ನಿಮಿಷ.