ತಾರಸಿ ಮೇಲಿನ ತಿಪ್ಪೆ

ಡಿಸೆಂಬರ್ ಕೊನೆ, ಮನೇಲಿ ಹಿತಕಿದ ಬೇಳೆ ಸಾರು. 4 ಕೆಜಿ ಸೊಗಡವರೆ ಸುಲಿದು, ಕಾಳು ನೆನೆಸಿ, ಹಿತಕಿ ಮುಗಿಸುವಷ್ಟರಲ್ಲಿ ಸಿಪ್ಪೆಯೇ ಒಂದು ಮಂಕರಿ. ಅಷ್ಟನ್ನೂ ತಾರಸಿ ಮೇಲಿದ್ದ ಗೊಬ್ಬರದ ಬಕೆಟ್ಟಿಗೆ ಸುರಿದೆ. ನಾಲ್ಕನೇ ದಿನ ಕೆಳಮನೆಯವರು ಮೂಗು ಮುಚ್ಚಿಕೊಂಡೇ ಮೇಲೆ ಬಂದರು. "ಇಲ್ಲೇನಾದ್ರೂ ಸತ್ತಿದೆಯೇನ್ರೀ?"

ಗೊಬ್ಬರಕ್ಕೆ ಕೈ ಹಾಕಿ ಆಗಿನ್ನೂ ಮೂರು ತಿಂಗಳು. ನಮ್ಮದು ತುಮಕೂರಿನ ಎಸ್‌ಐಟಿ ಬಡಾವಣೆಯ ಮಹಡಿ ಮನೆ. ಗುಂಡಿ ತೋಡೋಣ ಅಂದ್ರೆ ಅಂಗೈಯಗಲ ಮಣ್ಣಿಲ್ಲ. ಹಸಿ ಕಸ, ಒಣ ಕಸ ಬೇರೆ ಮಾಡಿ ಕೊಡಬೇಕು ಅಂತ 2016ರ ನಿಯಮ ಇತ್ತು, ಕೊಡ್ತಾನೂ ಇದ್ದೆವು. ಆದರೆ ಕಸದ ಗಾಡಿ ಒಂದು ದಿನ ತಪ್ಪಿದರೆ ಡಬ್ಬದ ತಳದಲ್ಲಿ ನೀರು, ಸುತ್ತ ನೊಣ. ಹಬ್ಬದ ಮಾರನೇ ದಿನವಂತೂ ಕೇಳಲೇಬೇಡಿ. ಅದಕ್ಕೇ 20 ಲೀಟರಿನ ಎರಡು ಹಳೇ ಪೇಂಟ್ ಬಕೆಟ್ಟಿಗೆ ಕಾಯಿಸಿದ ಕಬ್ಬಿಣದ ಕಡ್ಡಿಯಲ್ಲಿ ತೂತು ಹಾಕಿ ಶುರು ಮಾಡಿದ್ದು.

ಬಕೆಟ್ ನೋಡಿ ಅತ್ತೆ ನಕ್ಕರು. ಅವರು ಗುಬ್ಬಿ ಕಡೆಯವರು. "ತಿಪ್ಪೆಗೆ ಬರೀ ಸಿಪ್ಪೆ ಯಾರಮ್ಮ ಹಾಕ್ತಾರೆ? ದನ ತಿಂದು ಬಿಟ್ಟ ಹುಲ್ಲು, ತರಗು, ಒಲೆ ಬೂದಿ ಎಲ್ಲಾ ಬೀಳ್ಬೇಕು."

ಕೃಷಿ ಪುಸ್ತಕಗಳಲ್ಲಿ ಇರೋದೂ ಇದೇ. ಒಂದು ಪಾಲು ಸಾರಜನಕಕ್ಕೆ 25ರಿಂದ 30 ಪಾಲು ಇಂಗಾಲ ಇದ್ದರೆ ಕೊಳೆಯೋದು ಚೆನ್ನಾಗಿ ಸಾಗುತ್ತೆ. ತರಕಾರಿ ಸಿಪ್ಪೆಯಲ್ಲಿ ಇಂಗಾಲ ಅಷ್ಟಿರಲ್ಲ, ನೀರೇ ಜಾಸ್ತಿ. ನೀರು ತುಂಬಿದ ಕಡೆ ಗಾಳಿ ಆಡಲ್ಲ, ಗಾಳಿ ಇಲ್ಲದ ಕಡೆ ಕೊಳೆತ ಮೊಟ್ಟೆ ನಾತ. ನಾನು ಮಾಡಿದ್ದು ಗೊಬ್ಬರವಲ್ಲ, ಅವರೆಕಾಯಿ ಉಪ್ಪಿನಕಾಯಿ!

ಬೇಕಾಗಿದ್ದದ್ದು ಒಣಗಿದ ಪದಾರ್ಥ. ತೆಂಗಿನ ಸೀಮೆಯಲ್ಲಿದ್ದು ಇದಕ್ಕೆ ಪರದಾಡೋದೇ? ತಿಪಟೂರು ಕಡೆಯಿಂದ ಒಂದು ಚೀಲ ನಾರಿನ ಪುಡಿ ತರಿಸಿದೆ. ಅದೊಂದನ್ನೇ ನಂಬಿ ಮತ್ತೆ ಕೆಟ್ಟೆ. ನಾರಿನ ಪುಡಿ ನೀರು ಹೀರುತ್ತೆ ನಿಜ, ತಾನು ಮಾತ್ರ ಬೇಗ ಕರಗಲ್ಲ. ಬಕೆಟ್ ತುಂಬಾ ಕಂದು ಕೆಸರು. ಕೊನೆಗೆ ದಾರಿ ತೋರಿಸಿದ್ದು ರಸ್ತೆ ಬದಿಯ ಹೊಂಗೆ ಮರ. ಶಿವರಾತ್ರಿ ಹೊತ್ತಿಗೆ ರಾಶಿ ರಾಶಿ ಎಲೆ ಉದುರುತ್ತೆ, ಗುಡಿಸಿ ಅಲ್ಲೇ ಬೆಂಕಿ ಇಡ್ತಾರೆ. ಆ ವರ್ಷ ಆರು ಗೋಣಿಚೀಲ ತುಂಬಿಸಿಟ್ಟುಕೊಂಡೆ.

ಈಗಿನ ಲೆಕ್ಕ ಇಷ್ಟೇ: ಒಂದು ಬೋಗುಣಿ ಸಿಪ್ಪೆಗೆ ಎರಡು ಬೋಗುಣಿ ಪುಡಿಪುಡಿ ಎಲೆ, ಮೇಲೊಂದು ಹಿಡಿ ನಾರಿನ ಪುಡಿ, ವಾರಕ್ಕೊಮ್ಮೆ ಒಂದು ಲೋಟ ಹುಳಿ ಮಜ್ಜಿಗೆ. ಮೂರು ದಿನಕ್ಕೊಮ್ಮೆ ಕೆದಕಬೇಕು. ಮುಷ್ಟಿಯಲ್ಲಿ ಹಿಂಡಿದಾಗ ಒಂದೆರಡು ಹನಿ ಬಂದರೆ ಸರಿ, ಧಾರೆ ಇಳಿದರೆ ಇನ್ನಷ್ಟು ಎಲೆ. ಅವರೆ ಸಿಪ್ಪೆಯನ್ನು ಮಾತ್ರ ಒಂದು ದಿನ ಬಿಸಿಲಿಗೆ ಹರವಿಯೇ ಹಾಕೋದು. ಬೂದು ಬಣ್ಣದ ದಪ್ಪ ಹುಳ ಕಂಡರೆ ಗಾಬರಿ ಬೇಡ, ಅದು ಬ್ಲ್ಯಾಕ್ ಸೋಲ್ಜರ್ ನೊಣದ ಮರಿ. ನನಗಿಂತ ಚೆನ್ನಾಗಿ ಕೆಲಸ ಮಾಡುತ್ತೆ.

ಎರಡೂವರೆ ತಿಂಗಳಿಗೆ ಜರಡಿ ಹಿಡಿದರೆ ಮಣ್ಣಿನ ವಾಸನೆಯ ಕಪ್ಪು ಗೊಬ್ಬರ. ದೊಡ್ಡ ರಾಶಿಗೆ ಏರುವ ಕಾವು ಬಕೆಟ್ಟಿಗೆ ಏರಲ್ಲ, ಬೀಜ ಸಾಯಲ್ಲ. ಹಾಗಾಗಿ ನಮ್ಮ ಮಲ್ಲಿಗೆ, ಕರಿಬೇವು, ತುಳಸಿ ಯಾವ ಕುಂಡ ನೋಡಿದರೂ ಟೊಮೆಟೊ ಸಸಿ. ಕಿತ್ತು ಕಿತ್ತು ಸಾಕಾಗಿ ನಾಲ್ಕನ್ನು ಬಿಟ್ಟಿದ್ದೇನೆ.

ಹಲಸಿನ ಹಣ್ಣಿನ ಮುಂದೆ ಮಾತ್ರ ಇವತ್ತಿಗೂ ಸೋಲು. ಒಂದು ಹಣ್ಣು ಬಿಡಿಸಿದರೆ ಎರಡು ಬಕೆಟ್ಟೂ ಭರ್ತಿ. ಅದರ ಸಿಪ್ಪೆಯನ್ನು ಚೀಲಕ್ಕೆ ತುಂಬಿ ಹಾಲಿನವರ ಹಸುಗಳಿಗೆ ಕಳಿಸಿಬಿಡ್ತೀನಿ.