ಸೋಲಾರ್ ಸಂಘದ ಷೇರು: ದುಡ್ಡು ಹಾಕುವ ಮೊದಲು ನಾನು ಮಾಡಿದ ಲೆಕ್ಕ

ಮಂಡ್ಯದ ಹತ್ತಿರ ನಮ್ಮೂರಲ್ಲಿ ಸೋಲಾರ್ ಸಹಕಾರ ಸಂಘ ಕಟ್ಟುವ ಮಾತು ಶುರುವಾದಾಗ ಎಲ್ಲರ ಬಾಯಲ್ಲೂ ಒಂದೇ ಅಂಕಿ: ಲಕ್ಷ ಹಾಕಿದರೆ ವರ್ಷಕ್ಕೆ ಎಂಟು ಸಾವಿರದ ಚಿಲ್ಲರೆ. "ಎಫ್‌ಡಿಗಿಂತ ಜಾಸ್ತಿ ಕಣಯ್ಯ, ಇನ್ನೇನು ಯೋಚನೆ?" ಅಂದರು ನಮ್ಮ ಭಾವ. ಗುಜರಾತಿನ ಧುಂಡಿ ಗ್ರಾಮದ ಉದಾಹರಣೆ ಬೇರೆ ಕೊಟ್ಟರು. ಅಲ್ಲಿನ ರೈತರು ಸಂಘ ಮಾಡಿಕೊಂಡು ಕರೆಂಟ್ ಮಾರಿದ್ದು ನಿಜ. ಆದರೆ ಅವರು ಸೋಲಾರ್ ಪಂಪಿನಿಂದ ಹೊಲಕ್ಕೆ ನೀರು ಹಾಯಿಸಿ, ಉಳಿದದ್ದನ್ನು ಮಾರಿದವರು. ನಮ್ಮದು ಕರೆಂಟನ್ನೆಲ್ಲ ಗ್ರಿಡ್‌ಗೆ ಮಾರುವ ಪ್ಲಾಂಟ್ ಅಷ್ಟೇ.

ಡೇರಿ ಲೆಕ್ಕ ಬರೆದು ಅಭ್ಯಾಸವಿರುವವನು ನಾನು. ರಾತ್ರಿ ಎಕ್ಸೆಲ್ ತೆಗೆದು 25 ಸಾಲು ಹಾಕಿದೆ, ವರ್ಷಕ್ಕೊಂದು. ಪ್ರಸ್ತಾವದ ಪ್ರಕಾರ ಕಿಲೋವ್ಯಾಟ್‌ಗೆ 50,000 ರೂಪಾಯಿ ಖರ್ಚು, ಅಂದರೆ ಲಕ್ಷಕ್ಕೆ 2 ಕಿಲೋವ್ಯಾಟ್. ನಮ್ಮ ಕಡೆ ಬಿಸಿಲಿಗೆ ಅದು ವರ್ಷಕ್ಕೆ ಸುಮಾರು 2,900 ಯೂನಿಟ್ ಕೊಡುತ್ತದೆ. ಯೂನಿಟ್‌ಗೆ 3.50ರಂತೆ 10,150 ರೂಪಾಯಿ. ಜಾಗದ ಬಾಡಿಗೆ, ಕಾವಲು, ತೊಳೆಯುವುದು, ವಿಮೆ ಎಲ್ಲ ಸೇರಿ 1,800 ಕಳೆದರೆ 8,350. ಇಲ್ಲಿಯವರೆಗೆ ಭಾವ ಹೇಳಿದ್ದು ಸರಿಯೇ.

ಎಡವಟ್ಟು ಇರುವುದು ಮುಂದಿನ ಸಾಲುಗಳಲ್ಲಿ. ಪ್ಯಾನೆಲ್ ವರ್ಷವರ್ಷ ಅರ್ಧ ಪರ್ಸೆಂಟಿಗಿಂತ ಸ್ವಲ್ಪ ಜಾಸ್ತಿಯೇ ಸೊರಗುತ್ತದೆ. ಒಪ್ಪಂದದ ದರ 25 ವರ್ಷವೂ ಅಷ್ಟೇ, ಕೂಲಿ ಮಾತ್ರ ಏರುತ್ತಲೇ ಹೋಗುತ್ತದೆ. ನಡುವೆ ಒಮ್ಮೆ ಇನ್ವರ್ಟರ್ ಬದಲಿಸಬೇಕು. ಎಲ್ಲಕ್ಕಿಂತ ದೊಡ್ಡದು, ಕೊನೆಗೆ ಉಳಿಯುವುದು ಗುಜರಿ. ಎಫ್‌ಡಿಯಲ್ಲಿ ಬಡ್ಡಿ ತಿಂದ ಮೇಲೂ ಅಸಲು ಹಾಗೇ ಇರುತ್ತದೆ, ಅಲ್ವಾ? ಇಲ್ಲಿ ಪ್ರತಿ ವರ್ಷ ಕೈಗೆ ಬರುವ ದುಡ್ಡಿನಲ್ಲಿ ನಮ್ಮದೇ ಅಸಲು ಚೂರುಚೂರಾಗಿ ವಾಪಸ್ ಬರುತ್ತಿರುತ್ತದೆ. ಖರ್ಚು ವರ್ಷಕ್ಕೆ ಶೇ. 4 ಏರುತ್ತದೆ ಅಂತ ಇಟ್ಟು ಐಆರ್‌ಆರ್ (ಅಸಲು ವಾಪಸ್ ಬಂದದ್ದನ್ನು ಬಿಟ್ಟು, ದುಡ್ಡು ವರ್ಷಕ್ಕೆ ನಿಜಕ್ಕೂ ಶೇಕಡಾ ಎಷ್ಟು ದುಡಿಯಿತು ಅನ್ನುವ ಲೆಕ್ಕ) ಫಾರ್ಮುಲಾ ಒತ್ತಿದರೆ ಬಂದದ್ದು ಶೇ. 4ರ ಆಸುಪಾಸು. ಮೇಲೆ ಬ್ಯಾಂಕ್ ಸಾಲ ಬೇರೆ ಮಾಡಿದರೆ, ದುಡಿಯುವುದು ನಾಲ್ಕು, ಕಟ್ಟುವುದು ಹತ್ತು.

ಹಾಳೆ ಬಿಟ್ಟು ಒಮ್ಮೆ ನಾಗಮಂಗಲ ಕಡೆ ಪರಿಚಯದವರ ಪ್ಲಾಂಟ್ ನೋಡಿ ಬಂದೆ. ಪ್ಯಾನೆಲ್ ಮೇಲೆ ಬೆರಳು ಎಳೆದರೆ ದಪ್ಪ ಗೆರೆ ಮೂಡಿತು, ಅಷ್ಟು ಧೂಳು. ನಮ್ಮ ಕಡೆ ಕಬ್ಬಿನ ತರಗು ಸುಡುವಾಗಿನ ಮಸಿ ಬೇರೆ ಸೇರುತ್ತದೆ. ಇನ್ವರ್ಟರ್ ದಾಖಲೆ ತೋರಿಸಿ ಅಂತ ಕೇಳಿದೆ. ಒಳ್ಳೆ ಬಿಸಿಲಿನ ದಿನವೂ ಉತ್ಪಾದನೆಯ ಗೆರೆ ಮಧ್ಯಾಹ್ನ ಸೊನ್ನೆಗೆ ಬಿದ್ದಿತ್ತು. ಫೀಡರ್‌ನಲ್ಲಿ, ಅಂದರೆ ಸಬ್‌ಸ್ಟೇಷನ್‌ನಿಂದ ಬರುವ ಲೈನಿನಲ್ಲಿ, ಕರೆಂಟ್ ಹೋದರೆ ಗ್ರಿಡ್‌ಗೆ ಕಟ್ಟಿದ ಇನ್ವರ್ಟರ್ ತಾನೇ ನಿಂತುಬಿಡುತ್ತದೆ, ಲೈನ್‌ಮ್ಯಾನ್ ಜೀವ ಉಳಿಯಲಿ ಅಂತ. ನಿಂತಷ್ಟು ಹೊತ್ತು ಯೂನಿಟ್ ಇಲ್ಲ. ಹಾಗಾಗಿ ಯಾವ ಫೀಡರ್, ಹಗಲು ಎಷ್ಟು ಹೊತ್ತು ಲೈನ್ ಇರುತ್ತದೆ ಅನ್ನುವುದನ್ನು ಮೊದಲೇ ಕೇಳಬೇಕು.

ಹಾಗಾದರೆ ಮನೆ ಮೇಲೇ ಹಾಕಿಸಿ ಅಂತೀರಾ? ಪಿಎಂ ಸೂರ್ಯಘರ್‌ನಲ್ಲಿ 3 ಕಿಲೋವ್ಯಾಟ್‌ಗೆ 78,000 ಸಬ್ಸಿಡಿ ಇದೆ, ನಿಜ. ಆದರೆ ಗೃಹಜ್ಯೋತಿಯಲ್ಲಿ ನಮ್ಮ ಬಿಲ್ಲೇ ಸೊನ್ನೆ. ಉಳಿಸುವುದು ಏನನ್ನು?

ಸಭೆಯಲ್ಲಿ ನಾನು ಬೇರೆ ಲೆಕ್ಕ ಇಟ್ಟೆ. ಪಕ್ಕದ ಅಕ್ಕಿ ಗಿರಣಿಯ ಚಾವಣಿ ಮೇಲೆ ಪ್ಯಾನೆಲ್ ಕೂರಿಸಿ, ಗಿರಣಿಗೇ ಯೂನಿಟ್‌ಗೆ 5 ರೂಪಾಯಿಗೆ ಕೊಡುವುದು. ಗಿರಣಿಯವರು ಈಗ ಕಟ್ಟುತ್ತಿರುವುದು ಅದಕ್ಕಿಂತ ಜಾಸ್ತಿ. ಜಾಗದ ಬಾಡಿಗೆ ಇಲ್ಲ, ಕಾವಲೂ ಬೇಡ. ವಾರ್ಷಿಕ ಖರ್ಚು ಸಾವಿರಕ್ಕೆ ಇಳಿದರೆ ಐಆರ್‌ಆರ್ ಶೇ. 11 ದಾಟುತ್ತದೆ, ಗಿರಣಿ ಅಷ್ಟೂ ಯೂನಿಟ್ ಬಳಸಿದರೆ.

"ಗಿರಣಿ ಮುಚ್ಚಿದರೆ?" ಅಂತ ಒಬ್ಬರು ಕೇಳಿದರು. ಕೇಳಬೇಕಾದ ಪ್ರಶ್ನೆಯೇ. ಅದಕ್ಕೇ ಗಿರಣಿಯ ಜೊತೆ ಕನಿಷ್ಠ 15 ವರ್ಷದ ಬರವಣಿಗೆ ಬೇಕು, ಉಳಿಕೆ ಯೂನಿಟ್ ಗ್ರಿಡ್‌ಗೆ ಹೋಗುವಂತೆ ನಮ್ಮ ಕಡೆಯ ವಿದ್ಯುತ್ ಕಂಪನಿ ಸೆಸ್ಕ್‌ನ ಒಪ್ಪಿಗೆ ಬೇಕು ಅಂದೆ. ಸಂಘದ ಷೇರು ಕಂಪನಿ ಷೇರಿನಂತೆ ಏರುವುದಿಲ್ಲ, ಬಿಡುವಾಗ ಸಿಗುವುದು ಮುಖಬೆಲೆ, ಅದೂ ಸಂಘದ ಖಾತೆಯಲ್ಲಿ ದುಡ್ಡಿದ್ದರೆ. ಅದಕ್ಕೆ ಲಾಭ ಹಂಚುವ ಮೊದಲು ಸವಕಳಿ ಹಣ (ಪ್ಲಾಂಟ್ ಸವೆದಂತೆ ಎತ್ತಿಡುವ ದುಡ್ಡು) ಬೇರೆ ಖಾತೆಗೆ ಹೋಗಬೇಕು ಅನ್ನುವ ಮಾತು ಬೈಲಾದಲ್ಲೇ ಇರಲಿ ಅಂತಲೂ ಕೇಳಿದೆ.

ಭಾವ ಸ್ವಲ್ಪ ಮುನಿಸಿಕೊಂಡರು. ಲಕ್ಷದ ಜಾಗದಲ್ಲಿ ಸದ್ಯಕ್ಕೆ 25,000 ಹಾಕ್ತೀನಿ, ಅದೂ ಗಿರಣಿ ಒಪ್ಪಂದಕ್ಕೆ ಸಹಿ ಬಿದ್ದ ಮೇಲೆ ಅಂತ ಹೇಳಿದ್ದೇನೆ. ಎಕ್ಸೆಲ್ ಹಾಳೆ ಸಂಘದವರಿಗೂ ಕೊಟ್ಟಿದ್ದೇನೆ. ದರದ ಸಾಲು ಬದಲಿಸಿ ಅವರೇ ನೋಡಿಕೊಳ್ಳಲಿ.